ಹುಳುಗಳ ಸಂಕರ, ಬಸವನಹುಳುವಿನ ಒಪ್ಪಿಗೆ

(ವಿಜಯಪುರದಲ್ಲಿ ಜೀವವಿಜ್ಞಾನದ ವಿದ್ಯಾರ್ಥಿಗಳು, ಪಶುವೈದ್ಯರು ಮತ್ತು ರೈತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಲಾಗಿದೆ.)

ಮಾನ್ಯ ಅಧ್ಯಕ್ಷರೇ, ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಸಂಕರ ತಳಿ ಎಂಬ ಮಾತು ಈ ಭಾಗದ ರೈತರಿಗೆ ಹೊಸದಲ್ಲ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಹೊರಬಂದ ವರಲಕ್ಷ್ಮಿ ಹತ್ತಿಯನ್ನು ಬೆಳೆದವರು ಇಲ್ಲಿ ಇನ್ನೂ ಇದ್ದಾರೆ. ಅದು ಒಂದೇ ಜಾತಿಯ ಎರಡು ತಳಿಗಳನ್ನು ಕೂಡಿಸಿ ಪಡೆದದ್ದಲ್ಲ, ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಪಡೆದದ್ದು. ಒಂದೊಂದು ಹೂವಿನ ಕೇಸರವನ್ನೂ ಕೈಯಿಂದ ತೆಗೆದು, ಇನ್ನೊಂದು ಜಾತಿಯ ಪರಾಗವನ್ನು ಕೈಯಿಂದಲೇ ಸವರಿ ಮಾಡಿದ ಬೀಜ. ನಾನು ಇಂದು ಹೇಳಹೊರಟಿರುವ ಸಂಕರದಲ್ಲಿ ಯಾರ ಕೈಯೂ ಇಲ್ಲ. ಅದು ನಡೆಯುವುದು ಮನುಷ್ಯನ ಅಥವಾ ದನದ ರಕ್ತನಾಳದ ಒಳಗೆ, ಎರಡು ಬೇರೆ ಜಾತಿಯ ಪರಾವಲಂಬಿ ಹುಳುಗಳ ನಡುವೆ. ಆದರೆ ಹಾಗೆ ಹುಟ್ಟಿದ ಸಂತತಿ ಮುಂದುವರಿಯಬೇಕೋ ಅಲ್ಲಿಗೇ ನಿಲ್ಲಬೇಕೋ ಎಂಬುದನ್ನು ತೀರ್ಮಾನಿಸುವುದು ಹೆಚ್ಚಾಗಿ ಆ ರಕ್ತನಾಳವಲ್ಲ, ಆ ಹುಳುಗಳೂ ಅಲ್ಲ, ಕೆರೆ ಕಾಲುವೆಗಳ ಅಂಚಿನಲ್ಲಿ ಪಾಚಿ ತಿಂದು ಬದುಕುವ ಒಂದು ಸಣ್ಣ ಬಸವನಹುಳು. ಈ ಒಂದು ಮಾತನ್ನು ಪುರಾವೆಗಳ ಮೂಲಕ ಬಿಡಿಸಿ ಹೇಳುವುದು ನನ್ನ ಉದ್ದೇಶ.

ಮೊದಲು ಹುಳುವಿನ ಬದುಕನ್ನು ಚುಟುಕಾಗಿ ನೋಡೋಣ. ಶಿಸ್ಟೊಸೋಮ ಎಂಬುದು ರಕ್ತನಾಳದಲ್ಲಿ ನೆಲೆಸುವ ಚಪ್ಪಟೆಹುಳುಗಳ ಕುಲ. ಚಪ್ಪಟೆಹುಳುಗಳಲ್ಲಿ ಬಹುಪಾಲು ದ್ವಿಲಿಂಗಿಗಳು. ಒಂದೇ ಹುಳುವಿನಲ್ಲಿ ಗಂಡು ಹೆಣ್ಣಿನ ಎರಡೂ ಅಂಗಗಳಿರುತ್ತವೆ. ಶಿಸ್ಟೊಸೋಮದಲ್ಲಿ ಮಾತ್ರ ಗಂಡು ಬೇರೆ, ಹೆಣ್ಣು ಬೇರೆ. ಗಂಡಿನ ದೇಹ ಉದ್ದಕ್ಕೂ ಮಡಚಿಕೊಂಡು ಒಂದು ಕಾಲುವೆಯಂತಾಗಿರುತ್ತದೆ, ತೆಳ್ಳಗಿನ ಹೆಣ್ಣು ಅದರೊಳಗೆ ಸೇರಿಕೊಂಡು ವರ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಮೂತ್ರದಲ್ಲೋ ಮಲದಲ್ಲೋ ಹೊರಬಂದು ಸಿಹಿನೀರನ್ನು ಮುಟ್ಟಿದಾಗ ಒಡೆದು, ಮಿರಾಸಿಡಿಯಮ್ ಎಂಬ ಈಜುವ ಮರಿ ಹೊರಬರುತ್ತದೆ. ಅದಕ್ಕೆ ಇರುವುದು ಹೆಚ್ಚೆಂದರೆ ಒಂದು ದಿನದ ಆಯುಷ್ಯ. ಅಷ್ಟರೊಳಗೆ ತನಗೆ ಒಗ್ಗುವ ಬಸವನಹುಳುವನ್ನು ಹುಡುಕಿ ಅದರ ಮೈಯೊಳಗೆ ಹೊಕ್ಕಬೇಕು. ಒಳಹೊಕ್ಕ ಒಂದೇ ಮರಿ ಅಲ್ಲಿ ಲಿಂಗಸಂಪರ್ಕವಿಲ್ಲದೆ ತನ್ನನ್ನೇ ಹೆಚ್ಚಿಸಿಕೊಳ್ಳುತ್ತ, ಕೆಲವು ವಾರಗಳಲ್ಲಿ ಸಾವಿರಾರು ಸರ್ಕೇರಿಯಗಳನ್ನು, ಅಂದರೆ ಸೀಳುಬಾಲದ ಎರಡನೆಯ ಹಂತದ ಮರಿಗಳನ್ನು, ನೀರಿಗೆ ಬಿಡತೊಡಗುತ್ತದೆ. ಇವು ನೀರಿಗಿಳಿದವರ ಚರ್ಮವನ್ನು ಕೊರೆದು ಒಳಸೇರುತ್ತವೆ. ನೀರು ಕುಡಿಯಬೇಕೆಂದೇನೂ ಇಲ್ಲ, ಕಾಲು ತೊಳೆದರೂ ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಈ ಹುಳು ತರುವ ಶಿಸ್ಟೊಸೋಮ ರೋಗಕ್ಕೆ ಮುನ್ನೆಚ್ಚರಿಕೆಯ ಔಷಧಿ ಬೇಕಾಗಿದ್ದವರು 25 ಕೋಟಿಗೂ ಹೆಚ್ಚು ಜನ, ಅವರಲ್ಲಿ ನೂರಕ್ಕೆ ತೊಂಬತ್ತರಷ್ಟು ಆಫ್ರಿಕ ಖಂಡದವರು. ಮನುಷ್ಯನಲ್ಲಿ ಮುಖ್ಯವಾಗಿ ಕಾಣುವ ಜಾತಿಗಳು ಮೂರು. ಹೀಮಟೋಬಿಯಮ್ ಮೂತ್ರಕೋಶದ ಸುತ್ತಲಿನ ನಾಳಗಳಲ್ಲಿರುತ್ತದೆ, ಮೂತ್ರದಲ್ಲಿ ರಕ್ತ ಬರಿಸುತ್ತದೆ, ಬಹುಕಾಲ ಉಳಿದರೆ ಮೂತ್ರಕೋಶದ ಕ್ಯಾನ್ಸರಿಗೂ ಕಾರಣವಾಗುತ್ತದೆ. ಮ್ಯಾನ್ಸೊನಿ ಮತ್ತು ಜಪಾನಿಕಮ್ ಕರುಳಿನ ಸುತ್ತಲಿನ ನಾಳಗಳವು.

ಈ ಜಾತಿಗಳನ್ನು ಬೇರೆ ಬೇರೆ ಎಂದು ಗುರುತಿಸಿದ್ದು ಹೇಗೆಂಬ ಇತಿಹಾಸವೇ ನನ್ನ ವಾದದ ಮೊದಲ ಪುರಾವೆ. 1851ರಲ್ಲಿ ಕೈರೋದಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಜರ್ಮನಿಯ ವೈದ್ಯ ಥಿಯೊಡೋರ್ ಬಿಲ್ಹಾರ್ಜ್ ಈ ಹುಳುವನ್ನು ಮೊದಲು ಕಂಡ. ಮುಂದೆ ಎರಡು ಬಗೆಯ ಮೊಟ್ಟೆಗಳು ವೈದ್ಯರನ್ನು ಗೊಂದಲಕ್ಕೆ ದೂಡಿದವು: ಒಂದರ ಮುಳ್ಳು ತುದಿಯಲ್ಲಿ, ಇನ್ನೊಂದರದು ಪಕ್ಕದಲ್ಲಿ. ಇವು ಎರಡು ಜಾತಿಗಳವು ಎಂದು ಬ್ರಿಟನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಸಂಶಯಪಟ್ಟರೆ, ಕೈರೋದಲ್ಲಿದ್ದ ಆರ್ಥರ್ ಲೂಸ್ ಎಂಬ ದೊಡ್ಡ ತಜ್ಞ ಜಾತಿ ಒಂದೇ ಎಂದು ಪಟ್ಟುಹಿಡಿದ. ಪಕ್ಕದಲ್ಲಿ ಮುಳ್ಳಿರುವುದು ಗಂಡಿನ ಸಂಪರ್ಕವಿಲ್ಲದ ಹೆಣ್ಣಿನ ಮೊಟ್ಟೆ ಎಂಬುದು ಅವನ ವಿವರಣೆ. ಜಗಳ ವರ್ಷಗಟ್ಟಲೆ ನಡೆಯಿತು. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಬ್ರಿಟಿಷ್ ಸರಕಾರ ರಾಬರ್ಟ್ ಲೀಪರ್ ಎಂಬ ಹುಳುತಜ್ಞನನ್ನು ಈಜಿಪ್ಟಿಗೆ ಕಳಿಸಿತು. ಎರಡೇ ವರ್ಷದ ಹಿಂದೆ ಜಪಾನಿನ ಮಿಯಾಯಿರಿ ಮತ್ತು ಸುಝುಕಿ ಎಂಬವರು ಜಪಾನಿಕಮ್ ಹುಳು ಬಸವನಹುಳುವಿನೊಳಗೆ ಬೆಳೆಯುವುದನ್ನು ತೋರಿಸಿಕೊಟ್ಟಿದ್ದರು. ಲೀಪರ್ ಅದೇ ದಾರಿ ಹಿಡಿದು ಹಳ್ಳಿಯ ಕಾಲುವೆಗಳ ಬಸವನಹುಳುಗಳನ್ನು ಆರಿಸಿ ತಂದು, ಒಂದೊಂದು ಬಗೆಯಿಂದ ಹೊರಬಂದ ಮರಿಗಳನ್ನು ಪ್ರಯೋಗದ ಪ್ರಾಣಿಗಳಿಗೆ ಪ್ರತ್ಯೇಕವಾಗಿ ತಗುಲಿಸಿದ. ಬುಲೈನಸ್ ಎಂಬ ಬಸವನಹುಳುವಿನಿಂದ ಬಂದ ಹುಳುಗಳು ತುದಿಮುಳ್ಳಿನ ಮೊಟ್ಟೆಯನ್ನು, ಇಂದು ಬಯೊಂಫಲೇರಿಯ ಎಂದು ಕರೆಯುವ ತಟ್ಟೆಯಂಥ ಚಿಪ್ಪಿನ ಬಸವನಹುಳುವಿನಿಂದ ಬಂದವು ಪಕ್ಕಮುಳ್ಳಿನ ಮೊಟ್ಟೆಯನ್ನು ಇಟ್ಟವು. ಜಾತಿ ಎರಡು, ತುದಿಮುಳ್ಳಿನದು ಹೀಮಟೋಬಿಯಮ್, ಪಕ್ಕಮುಳ್ಳಿನದು ಮ್ಯಾನ್ಸೊನಿ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಅಂದರೆ ಮನುಷ್ಯನ ದೇಹದಲ್ಲಿ ಕಲೆತು ಕಂಡದ್ದನ್ನು ಬೇರ್ಪಡಿಸಿ ತೋರಿಸಿದ್ದು ಬಸವನಹುಳು.

ಲೂಸ್ ಸೋತರೂ ಅವನ ಮಾತಿನಲ್ಲಿ ಒಂದು ಎಳೆ ಉಳಿಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೀಮಟೋಬಿಯಮ್ ಮತ್ತು ಮ್ಯಾನ್ಸೊನಿ ಒಂದೇ ದೇಹದಲ್ಲಿದ್ದಾಗ ತಪ್ಪು ಜೋಡಿಗಳು ಕೂಡುವುದುಂಟು. ಆದರೆ ಈ ಎರಡು ಜಾತಿಗಳ ನಡುವಿನ ದೂರ ಹೆಚ್ಚು. ಆ ಜೋಡಿಯ ಹೆಣ್ಣು ಇಡುವ ಮೊಟ್ಟೆಗಳಲ್ಲಿ ಬಹಳಷ್ಟು ಗಂಡಿನ ಅಂಶವಿಲ್ಲದೆ, ತಾಯಿಯೊಂದರಿಂದಲೇ ಆದವು. ನಿಜವಾದ ಸಂಕರ ಅಲ್ಲಿ ಅಪರೂಪ. ಸಂಕರ ಸುಲಭವಾಗಿ ಆಗುವುದು ಹೀಮಟೋಬಿಯಮ್ ಗುಂಪಿನ ಒಳಗೆ: ಮನುಷ್ಯನ ಹೀಮಟೋಬಿಯಮ್ ಮತ್ತು ಗಿನಿಯೆನ್ಸಿಸ್, ದನಕುರಿಗಳ ಬೋವಿಸ್, ಕುರಾಸೋನಿ, ಮತ್ತೀಯಿ ಇವುಗಳ ನಡುವೆ. ಈ ಇಡೀ ಗುಂಪಿಗೆ ಆಶ್ರಯ ಕೊಡುವುದು ಬುಲೈನಸ್ ಕುಲದ ಬಸವನಹುಳುಗಳು.

ಮೂತ್ರಕೋಶದಲ್ಲಿರುವ ಹುಳು ಕರುಳಿನಲ್ಲಿರುವ ಹುಳುವನ್ನು ಎಲ್ಲಿ ಸಂಧಿಸಿತು ಎಂದು ನೀವು ಕೇಳಬಹುದು. ಚರ್ಮದಿಂದ ಒಳಬಂದ ಮರಿಗಳೆಲ್ಲವೂ, ಯಾವ ಜಾತಿಯವೇ ಆಗಿರಲಿ, ಮೊದಲು ಯಕೃತ್ತಿಗೆ ಬಂದು ಅಲ್ಲಿಯೇ ಪ್ರಾಯಕ್ಕೆ ಬರುತ್ತವೆ. ಜೋಡಿ ಕೂಡುವುದು ಅಲ್ಲಿ. ಆಮೇಲೆ ಗಂಡು ತನ್ನ ಹೆಣ್ಣನ್ನು ಹೊತ್ತುಕೊಂಡು ತನ್ನ ಜಾತಿಗೆ ಒಗ್ಗಿದ ನಾಳಕ್ಕೆ ಪಯಣ ಬೆಳೆಸುತ್ತದೆ. ಹೀಗಾಗಿ ಹೀಮಟೋಬಿಯಮ್ ಗಂಡಿನ ತೆಕ್ಕೆಗೆ ಬೇರೆ ಜಾತಿಯ ಹೆಣ್ಣು ಸಿಕ್ಕರೆ, ಕರುಳಿನ ಬಳಿ ಇರಬೇಕಾದ ಆ ಹೆಣ್ಣಿನ ಮೊಟ್ಟೆ ಮೂತ್ರದಲ್ಲಿ ಕಾಣಿಸುತ್ತದೆ. ದಕ್ಷಿಣ ಆಫ್ರಿಕದಲ್ಲಿ ದನಗಳ ಮತ್ತೀಯಿ ಜಾತಿಯ ಮೊಟ್ಟೆಗಳು ಮನುಷ್ಯರ ಮೂತ್ರದಲ್ಲಿ ಸಿಗುತ್ತಿದ್ದುದಕ್ಕೆ ಇದೇ ವಿವರಣೆ.

ಈಗ ಕ್ಯಾಮರೂನ್ ದೇಶದ ಲೂಮ್ ಎಂಬ ಊರಿಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ಇಷ್ಟು ಸ್ಪಷ್ಟವಾದ ಪಾಠ ಬೇರೊಂದಿಲ್ಲ. 1960ರ ದಶಕದ ಕೊನೆಯವರೆಗೆ ಆ ಊರಿನಲ್ಲಿದ್ದದ್ದು ಕರುಳಿನ ಗಿನಿಯೆನ್ಸಿಸ್ ಒಂದೇ. ಅದನ್ನು ಆಗ ಇಂಟರ್‌ಕಲೇಟಮ್ ಎಂದು ಕರೆಯುತ್ತಿದ್ದರು. ಅದರ ಬಸವನಹುಳು ಕಾಡಿನ ನೆರಳಿನ ನೀರಿಗೂ ಒಗ್ಗಿದ ಬುಲೈನಸ್ ಫೋರ್ಸ್ಕಾಲಿ. ಕಾಡು ಕಡಿದು ಹೊಲಗದ್ದೆಗಳಾದವು, ತೊರೆಗಳ ಮೇಲೆ ಬಿಸಿಲು ಬಿತ್ತು, ಬಿಸಿಲಿನ ನೀರನ್ನು ಬಯಸುವ ಬುಲೈನಸ್ ಟ್ರಂಕೇಟಸ್ ಬಂದು ನೆಲೆಸಿತು. ಹೀಮಟೋಬಿಯಮ್ ಹೊತ್ತ ಜನ ಹೊರಗಿನಿಂದ ಬರುತ್ತಲೇ ಇದ್ದರು, ಆದರೆ ಅದಕ್ಕೆ ಬೇಕಾದ ಬಸವನಹುಳು ಈಗ ಮಾತ್ರ ಸಿಕ್ಕಿತ್ತು. ಎರಡು ಹುಳುಗಳು ಮಕ್ಕಳ ದೇಹದಲ್ಲಿ ಸಂಧಿಸಿದವು, ಸಂಕರ ಹುಟ್ಟಿತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಕ್ರಿಸ್ಟೋಫರ್ ರೈಟ್ ಮತ್ತು ವಾಘನ್ ಸೌತ್‌ಗೇಟ್ 1970ರ ದಶಕದಲ್ಲಿಯೇ ಇದನ್ನು ಗುರುತಿಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಸಂಕರದ ಮರಿ ತಂದೆಯ ಬಸವನಹುಳುವಿಗೂ ಒಗ್ಗುತ್ತಿತ್ತು, ತಾಯಿಯ ಬಸವನಹುಳುವಿಗೂ ಒಗ್ಗುತ್ತಿತ್ತು. ಜೊತೆಗೆ ಹೀಮಟೋಬಿಯಮ್ ಗಂಡು ಜೋಡಿ ಕಟ್ಟುವುದರಲ್ಲಿ ಹೆಚ್ಚು ಬಲಿಷ್ಠ. ಗಿನಿಯೆನ್ಸಿಸ್ ಗಂಡಿನಿಂದ ಹೆಣ್ಣನ್ನು ಕಸಿದುಕೊಳ್ಳಬಲ್ಲದು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಲೂಮ್‌ನಲ್ಲಿ ಗಿನಿಯೆನ್ಸಿಸ್ ಹೆಚ್ಚುಕಡಿಮೆ ಇಲ್ಲವಾಗಿ, ಹೀಮಟೋಬಿಯಮ್ ಊರನ್ನು ಆಕ್ರಮಿಸಿತ್ತು. ಇದರಲ್ಲಿ ಯಾವ ಹೊಸ ಹುಳುವೂ ಹುಟ್ಟಿ ಉಳಿಯಲಿಲ್ಲವೆಂಬುದನ್ನು ಗಮನಿಸಬೇಕು. ಸಂಕರ ಇಲ್ಲಿ ಒಂದು ಜಾತಿ ಇನ್ನೊಂದನ್ನು ನುಂಗುವ ದಾರಿಯಾಯಿತು, ಆ ದಾರಿಯನ್ನು ತೆರೆದದ್ದು ಕಾಡು ಕಡಿದ ಮೇಲೆ ಬಂದ ಬಸವನಹುಳು.

ಮನುಷ್ಯನ ಹುಳುವೂ ದನದ ಹುಳುವೂ ಕೂಡಿದ ಸಂಗತಿ ಇದಕ್ಕಿಂತ ಹೆಚ್ಚು ಸದ್ದು ಮಾಡಿತು. ಸೆನೆಗಲ್ ನದಿಗೆ ಸಮುದ್ರದ ಬಳಿ 1986ರಲ್ಲಿ ಡಯಾಮಾ ಅಣೆಕಟ್ಟು ಆಯಿತು. ಉಪ್ಪುನೀರು ಒಳಬರುವುದು ನಿಂತು ವರ್ಷವಿಡೀ ಸಿಹಿನೀರು ಸಿಗತೊಡಗಿತು. ಭತ್ತ ಮತ್ತು ಕಬ್ಬು ಹಬ್ಬಿದವು. ಬಸವನಹುಳುಗಳನ್ನು ತಿನ್ನುತ್ತಿದ್ದ ನದಿಯ ಸಿಗಡಿಗಳು ಅಣೆಕಟ್ಟನ್ನು ದಾಟಿ ವಲಸೆ ಹೋಗಲಾರದೆ ಕ್ಷೀಣಿಸಿದವು. ಕಬ್ಬಿನ ಪಟ್ಟಣವಾದ ರಿಷಾರ್ ತೊಲ್‌ನಲ್ಲಿ 1988ರಲ್ಲಿ ಅಲ್ಲಿ ಹಿಂದೆ ಇರದಿದ್ದ ಮ್ಯಾನ್ಸೊನಿ ರೋಗ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ಊರಿಡೀ ಹರಡಿತು. ಕಾಲುವೆಗೆ ಜನ ಬರುತ್ತಾರೆ, ದನ ಬರುತ್ತವೆ, ಎರಡೂ ಹುಳುಗಳಿಗೆ ಒಗ್ಗುವ ಬುಲೈನಸ್ ಅಲ್ಲಿಯೇ ಇದೆ. 2009ರಲ್ಲಿ ಟಿನೆ ಹ್ಯೂಸ್ ಮತ್ತು ಸಂಗಡಿಗರು ಸೆನೆಗಲ್ಲಿನ ಮಕ್ಕಳಿಂದ ಪಡೆದ ಹುಳುಮರಿಗಳಲ್ಲಿ ಹೀಮಟೋಬಿಯಮ್ ಮತ್ತು ದನದ ಬೋವಿಸ್ ಎರಡರ ಅನುವಂಶಿಕ ಗುರುತುಗಳನ್ನೂ ಕಂಡು ಪ್ರಕಟಿಸಿದರು.

ಅದಾಗಿ ಐದು ವರ್ಷಕ್ಕೆ ಸುದ್ದಿ ಯೂರೋಪಿಗೇ ಬಂದಿತು. ಫ್ರಾನ್ಸಿಗೆ ಸೇರಿದ ಕಾರ್ಸಿಕ ದ್ವೀಪದ ಕಾವೂ ಎಂಬ ತಿಳಿನೀರಿನ ನದಿಯಲ್ಲಿ ರಜೆಗೆಂದು ಈಜಿದ್ದ, ಆಫ್ರಿಕವನ್ನೇ ಕಾಣದ ಫ್ರೆಂಚ್ ಮತ್ತು ಜರ್ಮನ್ ಕುಟುಂಬಗಳವರ ಮೂತ್ರದಲ್ಲಿ 2014ರಲ್ಲಿ ಶಿಸ್ಟೊಸೋಮ ಮೊಟ್ಟೆಗಳು ಪತ್ತೆಯಾದವು. ತಪಾಸಣೆ ಮುಂದುವರಿದಂತೆ ಸೋಂಕಿತರ ಸಂಖ್ಯೆ ನೂರನ್ನು ದಾಟಿತು, ಆ ಬೇಸಿಗೆಯಲ್ಲಿ ನದಿಯಲ್ಲಿ ಈಜುವುದನ್ನು ನಿಷೇಧಿಸಲಾಯಿತು. ಪೆರ್ಪಿನ್ಯಾನ್ ವಿಶ್ವವಿದ್ಯಾಲಯದ ಜೆರೋಮ್ ಬ್ವಾಸಿಯೇ ಮತ್ತು ಸಂಗಡಿಗರು 2016ರಲ್ಲಿ ತೋರಿಸಿಕೊಟ್ಟಂತೆ ಅಲ್ಲಿದ್ದದ್ದು ಹೀಮಟೋಬಿಯಮ್ ಮತ್ತು ಬೋವಿಸ್ ಸಂಕರ, ಅದರ ಮೂಲ ಸೆನೆಗಲ್ ಕಡೆಯದು. ಮುಂದೆ ಇಡೀ ಜೀನೋಮನ್ನು, ಅಂದರೆ ಹುಳುವಿನ ಅನುವಂಶಿಕ ಮಾಹಿತಿಯನ್ನೆಲ್ಲ, ಓದಿದಾಗ ಸುಮಾರು ಮುಕ್ಕಾಲು ಪಾಲು ಮನುಷ್ಯನ ಹುಳುವಿನದೆಂದೂ ಉಳಿದ ಕಾಲು ದನದ ಹುಳುವಿನದೆಂದೂ ತಿಳಿಯಿತು. ಸೋಂಕು ಹೊತ್ತ ಪ್ರವಾಸಿಯೊಬ್ಬ ನದಿಗೆ ಇಳಿದದ್ದರಿಂದ ಇದು ಆರಂಭವಾಗಿರಬೇಕು. ಆದರೆ ಸೋಂಕು ಹೊತ್ತವರು ಯೂರೋಪಿನ ನದಿಗಳಿಗೆ ಇಳಿಯುವುದು ಹೊಸ ಸಂಗತಿಯಲ್ಲ. ಕಾವೂ ನದಿಯಲ್ಲಿ ಅದು ನೆಲೆ ಕಂಡದ್ದೇಕೆಂದರೆ ಅಲ್ಲಿ ಬುಲೈನಸ್ ಟ್ರಂಕೇಟಸ್ ಮೊದಲಿನಿಂದಲೂ ಇತ್ತು, ಆ ಬಸವನಹುಳು ಈ ಸಂಕರದ ಮರಿಯನ್ನು ಒಳಗೆ ಬಿಟ್ಟುಕೊಂಡಿತು.

ಒಳಗೆ ಬಿಟ್ಟುಕೊಳ್ಳುವುದು ಎಂದರೇನು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು, ಏಕೆಂದರೆ ಚರ್ಚೆಗಳಲ್ಲಿ ಬಸವನಹುಳುವನ್ನು ಬರಿಯ ಪಾತ್ರೆಯೆಂಬಂತೆ ಕಾಣುವ ರೂಢಿಯಿದೆ. ಅದಕ್ಕೂ ತನ್ನದೇ ರಕ್ಷಣೆಯಿದೆ. ಮಿರಾಸಿಡಿಯಮ್ ಒಳಹೊಕ್ಕ ಕೂಡಲೇ ಬಸವನಹುಳುವಿನ ರಕ್ತಕಣಗಳು ಅದನ್ನು ಗುರುತಿಸಿ, ಸುತ್ತುಗಟ್ಟಿ ಕೊಲ್ಲಬಲ್ಲವು. ಹುಳು ಗೆದ್ದರೆ ಬಸವನಹುಳುವಿನ ಸಂತಾನವೇ ನಿಲ್ಲುತ್ತದೆ. ಸೋಂಕಿತ ಬಸವನಹುಳು ಮೊಟ್ಟೆಯಿಡುವುದನ್ನು ಬಹುಮಟ್ಟಿಗೆ ಬಿಟ್ಟು ತನ್ನ ಶಕ್ತಿಯನ್ನೆಲ್ಲ ಹುಳುವಿನ ಮರಿಗಳಿಗೆ ಸುರಿಯುತ್ತದೆ. ಆದ್ದರಿಂದ ಯಾವ ಕೆರೆಯ ಬಸವನಹುಳು ಯಾವ ಹುಳುವನ್ನು ತಡೆಯುತ್ತದೆ ಎಂಬುದು ಊರಿಂದ ಊರಿಗೆ ಬದಲಾಗುತ್ತದೆ; ಒಂದು ಊರಿನ ಹುಳು ಪಕ್ಕದ ಜಿಲ್ಲೆಯ ಅದೇ ಜಾತಿಯ ಬಸವನಹುಳುವಿನಲ್ಲಿ ಸೋಲುವುದುಂಟು. ಇಂಥ ಕಡೆ ಎರಡು ಜಾತಿಗಳ ಜೀನುಗಳನ್ನು ಹೊತ್ತ ಮರಿಗೆ ಹೆಚ್ಚು ಬಗೆಯ ಬಸವನಹುಳುಗಳಲ್ಲಿ ಅವಕಾಶ ಸಿಗುವುದಾದರೆ, ಅದರ ಲಾಭ ಎಷ್ಟೆಂದು ನೀವೇ ಊಹಿಸಬಹುದು.

ಟ್ರಂಕೇಟಸ್ ಬಗ್ಗೆ ಇನ್ನೊಂದು ಮಾತು. ಬುಲೈನಸ್ ಕುಲದ ಸಾಮಾನ್ಯ ಜಾತಿಗಳಲ್ಲಿ 36 ವರ್ಣತಂತುಗಳಿದ್ದರೆ ಇದರಲ್ಲಿ 72. ಇಥಿಯೋಪಿಯದ ಎತ್ತರದ ಪ್ರದೇಶಗಳಲ್ಲಿ 108 ಮತ್ತು 144 ಇರುವ ಬಂಧುಗಳೂ ಇವೆ. ಎರಡು ಬೇರೆ ವಂಶಗಳ ವರ್ಣತಂತುಗಳು ಒಂದಾಗಿ ದ್ವಿಗುಣಗೊಂಡು ಟ್ರಂಕೇಟಸ್ ಆಯಿತೆಂಬುದು ಬಲವಾದ ಅಭಿಪ್ರಾಯ. ನಮ್ಮ ಹತ್ತಿಯ 52 ವರ್ಣತಂತುಗಳೂ ತಲಾ 26ರ ಎರಡು ಹಳೆಯ ವಂಶಗಳು ಕೂಡಿ ಬಂದವೇ. 36 ವರ್ಣತಂತುಗಳ ಹತ್ತಿರದ ಬಂಧು ಬುಲೈನಸ್ ಟ್ರಾಪಿಕಸ್ ಸಾಮಾನ್ಯವಾಗಿ ಹೀಮಟೋಬಿಯಮ್ಮಿಗೆ ಆಶ್ರಯ ಕೊಡುವುದಿಲ್ಲ, 72ರದು ಕೊಡುತ್ತದೆ. ಹೀಗೆ ಸಂಕರ ಹುಳುವಿಗೆ ದಾರಿ ಕೊಟ್ಟ ಬಸವನಹುಳು ತಾನೇ ಒಂದು ಹಳೆಯ ಸಂಕರದ ಫಲ. ಇದಕ್ಕೂ ವಿಚಿತ್ರವಾದ ಒಂದು ಪ್ರಯೋಗವಿದೆ. ದನಗಳ ಹೊಟ್ಟೆಯಲ್ಲಿರುವ ಕ್ಯಾಲಿಕೋಫೊರಾನ್ ಎಂಬ ಬೇರೊಂದು ಚಪ್ಪಟೆಹುಳು ಮೊದಲೇ ಹೊಕ್ಕಿದ್ದರೆ, ಮಾಮೂಲಾಗಿ ಬೋವಿಸ್ ಹುಳುವನ್ನು ತಡೆಯುವ ಟ್ರಾಪಿಕಸ್ ಬಸವನಹುಳು ಅದಕ್ಕೆ ಸೋಲುತ್ತದೆ ಎಂದು ಸೌತ್‌ಗೇಟ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದರು. ಒಂದು ಹುಳು ಕದ ಮುರಿದರೆ ಇನ್ನೊಂದು ಒಳಸೇರುತ್ತದೆ. ದನದ ಹೊಟ್ಟೆಯ ಸಾಮಾನ್ಯ ಜಂತಿಗೂ ಇನ್ನೊಂದು ರೋಗದ ಹರವಿಗೂ ಹೀಗೊಂದು ಸಂಬಂಧ ಇರಬಹುದೆಂದು ಪ್ರಯೋಗ ಮಾಡುವ ಮುಂಚೆ ಯಾರೂ ಹೇಳಲಾರರಾಗಿದ್ದರು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು, ವಿಶೇಷವಾಗಿ ವಿದ್ಯಾರ್ಥಿಗಳಿಗೆ. ಸಂಕರ ಎಂಬ ಪದವನ್ನು ಕಳೆದ ಹದಿನೈದು ವರ್ಷಗಳಲ್ಲಿ ಧಾರಾಳವಾಗಿ ಬಳಸಲಾಗಿದೆ. ಬಹಳಷ್ಟು ವರದಿಗಳು ನಿಂತಿರುವುದು ಎರಡೇ ಗುರುತುಗಳ ಮೇಲೆ: ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಒಂದು ಜೀನು, ಕೋಶಕೇಂದ್ರದ ಒಂದು ತುಣುಕು. ಇವೆರಡೂ ಬೇರೆ ಜಾತಿಗಳನ್ನು ಸೂಚಿಸಿದರೆ ಆ ಹುಳು ಸಂಕರ ಎಂದು ಬರೆಯಲಾಗುತ್ತದೆ. ಆದರೆ ಆ ಕೂಟ ನಿನ್ನೆ ನಡೆಯಿತೋ ನೂರಾರು ತಲೆಮಾರುಗಳ ಹಿಂದೆ ನಡೆಯಿತೋ ಎಂಬುದನ್ನು ಎರಡು ಗುರುತುಗಳು ಹೇಳಲಾರವು. 2019ರಲ್ಲಿ ರಾಯ್ ಪ್ಲ್ಯಾಟ್ ಮತ್ತು ಸಂಗಡಿಗರು ನೈಜರ್ ದೇಶದ ಹೀಮಟೋಬಿಯಮ್ ಹುಳುಗಳ ಜೀನೋಮುಗಳನ್ನು ಓದಿದಾಗ ಅವುಗಳಲ್ಲಿ ದನದ ಬೋವಿಸ್ ಹುಳುವಿನ ಸಣ್ಣ ಪಾಲು ಚದುರಿ ಸೇರಿಕೊಂಡಿತ್ತು, ಝಾಂಝಿಬಾರಿನ ಹುಳುಗಳಲ್ಲಿ ಅದು ಇರಲಿಲ್ಲ. ಆ ಪಾಲು ನೂರಾರು ತಲೆಮಾರುಗಳ ಹಿಂದೆ ಸೇರಿದ್ದು. ಅದರಲ್ಲಿ ಇನ್ವಡೊಲೈಸಿನ್ ಎಂಬ, ಪ್ರೋಟೀನನ್ನು ಕತ್ತರಿಸುವ ಕಿಣ್ವದ ಜೀನು ಮಾತ್ರ ಆ ಹುಳುಗಳಲ್ಲಿ ಬಹುತೇಕ ಎಲ್ಲೆಡೆ ನೆಲೆಯೂರಿತ್ತು. ಚರ್ಮ ಕೊರೆಯುವುದಕ್ಕೋ ದೇಹದ ರಕ್ಷಣೆಯನ್ನು ತಪ್ಪಿಸುವುದಕ್ಕೋ ಅದು ನೆರವಾಗಿರಬಹುದು. ಒಟ್ಟಿನಲ್ಲಿ ಮನುಷ್ಯನ ಹುಳು ದನದ ಹುಳುವಿನಿಂದ ತನಗೆ ಬೇಕಾದ ಒಂದು ಆಯುಧವನ್ನು ಪಡೆದು, ಉಳಿದದ್ದನ್ನು ಬಹುಮಟ್ಟಿಗೆ ಬಿಟ್ಟಿತ್ತು.

ಇದರಿಂದ ಒಂದು ಆತುರದ ತೀರ್ಮಾನಕ್ಕೂ ತಡೆ ಬೀಳುತ್ತದೆ. ಸಂಕರ ಪತ್ತೆಯಾದಾಗ, ದನಗಳೇ ರೋಗದ ಉಗ್ರಾಣ, ಜನರಿಗೆ ಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಗುಳಿಗೆ ಕೊಟ್ಟು ಫಲವಿಲ್ಲ ಎಂದವರಿದ್ದರು. ಆದರೆ ಸೆನೆಗಲ್ಲಿನಲ್ಲಿ ವಿಸ್ತಾರವಾಗಿ ಹುಡುಕಿದಾಗ ಹೀಮಟೋಬಿಯಮ್ ಮತ್ತು ಬೋವಿಸ್ ಸಂಕರ ಸಿಕ್ಕಿದ್ದು ಜನರಲ್ಲಿ. ದನಕುರಿಗಳಲ್ಲಿ ಸಿಕ್ಕಿದ್ದು ಬೋವಿಸ್, ಕುರಾಸೋನಿ ಮತ್ತು ಅವೆರಡರ ಸಂಕರ. ಮನುಷ್ಯರ ನಡುವಿನ ಸಂಕರ ಮನುಷ್ಯರ ನಡುವೆಯೇ ಓಡಾಡುತ್ತಿದೆ. ಗುಳಿಗೆ ಕೊಡುವುದನ್ನು ನಿಲ್ಲಿಸಲು ಇದು ಕಾರಣವಲ್ಲ, ಗುಳಿಗೆಯೊಂದನ್ನೇ ನಂಬುವುದನ್ನು ನಿಲ್ಲಿಸಲು ಕಾರಣ.

ಇನ್ನು ನಮ್ಮ ಸೀಮೆಯ ಕಡೆಗೆ. ಕರ್ನಾಟಕದಲ್ಲಿ ಮನುಷ್ಯನ ಶಿಸ್ಟೊಸೋಮ ರೋಗ ನೆಲೆಯೂರಿಲ್ಲ. ಆದರೆ 1952ರಲ್ಲಿ ಗಾಡ್ಗೀಳ್ ಮತ್ತು ಶಾ ಎಂಬ ಇಬ್ಬರು ವೈದ್ಯರು ಆಗಿನ ಮುಂಬಯಿ ರಾಜ್ಯದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಮೂತ್ರದ ಶಿಸ್ಟೊಸೋಮ ರೋಗವನ್ನು ಪತ್ತೆಹಚ್ಚಿದರು. ಆಗ ಬೆಳಗಾವಿಯೂ ವಿಜಯಪುರವೂ ಅದೇ ರಾಜ್ಯದಲ್ಲಿದ್ದವು, ಬಾಗಲಕೋಟೆ ವಿಜಯಪುರ ಜಿಲ್ಲೆಯ ಒಳಗಿತ್ತು. ಭಾರತದಲ್ಲಿ ಬುಲೈನಸ್ ಇಲ್ಲ. ಹೊಕ್ಕಿದ ಹುಳುವಿಗೆ ಆಶ್ರಯ ಕೊಟ್ಟದ್ದು ಫೆರಿಸ್ಸಿಯ ಎಂಬ, ಕಲ್ಲಿಗೆ ಅಂಟಿಕೊಂಡಿರುವ ಸಣ್ಣ ಟೊಪ್ಪಿಯಂಥ ಚಿಪ್ಪಿನ ಬಸವನಹುಳು ಎಂದು ಅವರು ಹೇಳಿದರು. ಆ ಗುರುತಿಸುವಿಕೆಯನ್ನು ಮುಂದೆ ಕೆಲವರು ಪ್ರಶ್ನಿಸಿದ್ದೂ ಉಂಟು. ರೋಗ ಆ ಹಳ್ಳಿಯನ್ನು ದಾಟಿ ಹಬ್ಬದಿರುವುದೇ, ಬಸವನಹುಳುವಿನ ಒಪ್ಪಿಗೆ ಇಲ್ಲದೆ ಹುಳು ಎಷ್ಟು ಅಸಹಾಯಕ ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಇರುವ ಸಾಕ್ಷಿ.

ನಮ್ಮ ದನಗಳ ಮಾತು ಬೇರೆ. ಎತ್ತು, ಆಕಳು, ಎಮ್ಮೆಗಳಲ್ಲಿ ಸ್ಪಿಂಡೇಲ್, ಇಂಡಿಕಮ್, ನೇಸೇಲ್ ಎಂಬ ಮೂರು ಶಿಸ್ಟೊಸೋಮಗಳಿವೆ. ನೇಸೇಲ್ ಮೂಗಿನ ನಾಳಗಳಲ್ಲಿ ನೆಲೆಸಿ, ಒಳಗೆ ಹೂಕೋಸಿನಂತೆ ಗಂಟು ಬೆಳೆಸಿ, ದನ ಉಸಿರಾಡುವಾಗ ಗೊರಗುಟ್ಟುವಂತೆ ಮಾಡುತ್ತದೆ. ಈ ಗೊರಕೆ ರೋಗಕ್ಕೆ ಹುಳು ಕಾರಣವೆಂದು ಮದ್ರಾಸಿನ ಪಶುವೈದ್ಯ ಅನಂತ ನಾರಾಯಣ ರಾವ್ 1933ರಲ್ಲಿ ಪ್ರಕಟಿಸಿದರು. ಮೂರು ಹುಳುಗಳಿಗೂ ಆಶ್ರಯ ಒಂದೇ ಬಸವನಹುಳು, ಇಂಡೊಪ್ಲಾನಾರ್ಬಿಸ್ ಎಕ್ಸಸ್ಟಸ್. ಕೆರೆ, ಹೊಂಡ, ಬಸಿಗಾಲುವೆ, ಗದ್ದೆ ಎಲ್ಲಿ ನಿಂತ ನೀರಿದೆಯೋ ಅಲ್ಲಿ ಕಂದುಬಣ್ಣದ, ಸುರುಳಿ ಸುತ್ತಿದ ಚಪ್ಪಟೆ ಚಿಪ್ಪಿನ ಈ ಜೀವಿ ಇರುತ್ತದೆ. ಬಸವನಹುಳುಗಳ ವಂಶವೃಕ್ಷದಲ್ಲಿ ಇದು ಆಫ್ರಿಕದ ಬುಲೈನಸ್ಸಿನ ಹತ್ತಿರದ ದಾಯಾದಿ. ಜೊತೆಗೆ ಅನುವಂಶಿಕ ಅಧ್ಯಯನಗಳು ಈ ಒಂದೇ ಹೆಸರಿನ ಅಡಿಯಲ್ಲಿ ಒಂದಕ್ಕಿಂತ ಹೆಚ್ಚು ವಂಶಗಳು ಅಡಗಿವೆ ಎಂದು ತೋರಿಸಿವೆ. ಮೂರು ಹುಳು, ಒಂದೇ ಎಮ್ಮೆ, ಒಂದೇ ಹೆಸರಿನ ಹಲವು ಬಸವನಹುಳುಗಳು: ಲೂಮ್‌ನಲ್ಲಿ ಸಂಕರಕ್ಕೆ ದಾರಿಯಾದ ಸಂದರ್ಭದ ಅಂಶಗಳೆಲ್ಲ ಇಲ್ಲಿ ಇವೆ.

ಸಂಕರ ಈಗಾಗಲೇ ಭಾರತಕ್ಕೆ ಬಂದಿರುವುದು ಇನ್ನೊಂದು ಹುಳುವಿನಲ್ಲಿ. ದನಕುರಿಗಳ ಯಕೃತ್ತಿನಲ್ಲಿ ಎಲೆಯಂತಿರುವ ಫ್ಯಾಸಿಯೋಲ ಹುಳುವನ್ನು ಇಲ್ಲಿಯ ಪಶುವೈದ್ಯರೆಲ್ಲ ಬಲ್ಲರು. ತಂಪು ಪ್ರದೇಶದ ಹೆಪಾಟಿಕ ಮತ್ತು ಬಿಸಿ ಪ್ರದೇಶದ ಜೈಗ್ಯಾಂಟಿಕ ಎಂಬ ಎರಡು ಜಾತಿಗಳಿಗೆ ಲಿಮ್ನಿಯ ಬಳಗದ ಬೇರೆ ಬೇರೆ ಬಸವನಹುಳುಗಳು ಆಶ್ರಯ ಕೊಡುತ್ತವೆ. ನಮ್ಮ ಬಯಲಿನದು ಜೈಗ್ಯಾಂಟಿಕ. ಜಪಾನ್, ಕೊರಿಯ, ಚೀನ, ವಿಯೆಟ್ನಾಮ್ ಮತ್ತು ನಮ್ಮ ಈಶಾನ್ಯ ಭಾರತದಲ್ಲಿ ಎರಡರ ಸಂಕರಗಳಿವೆ. ಅವುಗಳಲ್ಲಿ ಅನೇಕವು ವೀರ್ಯವಿಲ್ಲದವು. ಕೆಲವು 20ರ ಬದಲು 30 ವರ್ಣತಂತುಗಳನ್ನು ಹೊತ್ತವು. ಸಂಕರ ಹತ್ತಿಯ ಬೀಜವನ್ನು ಮರುವರ್ಷ ಬಿತ್ತಿದರೆ ಗುಣ ಚದುರಿಹೋಗುತ್ತದೆಂದು ರೈತರು ಬಲ್ಲರು. ಈ ಹುಳು ಆ ತೊಡಕನ್ನೇ ತಪ್ಪಿಸಿಕೊಂಡಿದೆ: ಗಂಡಿನ ಅಂಶವಿಲ್ಲದೆ ತದ್ರೂಪಿ ಮೊಟ್ಟೆಗಳನ್ನಿಟ್ಟು, ಸಂಕರದ ಗುಣವನ್ನು ಹಾಗೆಯೇ ಮುಂದಿನ ತಲೆಮಾರಿಗೆ ದಾಟಿಸುತ್ತದೆ. ಮಾರುವ ದನಗಳ ಜೊತೆ ಅದು ದೇಶದಿಂದ ದೇಶಕ್ಕೆ ಸಾಗಿದೆ.

ದನಗಳು ಸಾಗುವ ವಿಷಯದಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಎಂಬ ನಮ್ಮ ಮೂರು ಜಿಲ್ಲೆಗಳು ಹಿಂದೆ ಬಿದ್ದಿಲ್ಲ. ಕಬ್ಬಿನ ಹಂಗಾಮಿಗೆ ಮಹಾರಾಷ್ಟ್ರದ ಬೀಡ ಕಡೆಯಿಂದ ಕಡಿಯುವ ಗ್ಯಾಂಗುಗಳು ಎತ್ತುಗಳ ಸಮೇತ ಬಂದು ಕಾಲುವೆಯ ದಂಡೆಯಲ್ಲಿಯೇ ಬೀಡುಬಿಡುತ್ತವೆ. ಆಲಮಟ್ಟಿ, ಹಿಡಕಲ್, ನವಿಲುತೀರ್ಥದ ನೀರು ಬಂದ ಮೇಲೆ, ಬೇಸಿಗೆಯಲ್ಲಿ ಒಣಗಿ ಬಸವನಹುಳುಗಳನ್ನು ಮಣ್ಣಿನಲ್ಲಿ ಹುದುಗಿಸುತ್ತಿದ್ದ ಎಷ್ಟೋ ತಗ್ಗುಗಳು ವರ್ಷವಿಡೀ ಒದ್ದೆಯಾಗಿವೆ. ಮುಳವಾಡ ಏತ ನೀರಾವರಿಯಂಥ ಯೋಜನೆಗಳಿಂದ ಕೆರೆಗಳು ತುಂಬಿವೆ. ಅಥಣಿ, ರಾಯಬಾಗ, ಜಮಖಂಡಿ ಕಡೆ ಸವಳು-ಜವಳಾದ ಹೊಲಗಳ ಬಸಿಗಾಲುವೆಗಳು ಬಸವನಹುಳುಗಳಿಗೆ ಹೇಳಿ ಮಾಡಿಸಿದಂತಿವೆ. ನೀರು ಬರಬಾರದಿತ್ತು ಎಂದು ಬರಗಾಲ ಕಂಡ ಈ ನಾಡಿನಲ್ಲಿ ನಿಂತು ಹೇಳುವ ಮೂರ್ಖತನ ನನ್ನದಲ್ಲ. ಆದರೆ ನೀರಾವರಿಯ ಲೆಕ್ಕದಲ್ಲಿ ಎಕರೆ ಇರುತ್ತದೆ, ಟಿಎಂಸಿ ಇರುತ್ತದೆ, ಬಸವನಹುಳುವಿಗೆ ಒಂದು ಕಾಲಮ್ಮೂ ಇರುವುದಿಲ್ಲ. ಸೆನೆಗಲ್ಲಿನಲ್ಲಿಯೂ ಇರಲಿಲ್ಲ.

ಸಭಿಕರ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಗದ್ದೆಗೆ ಇಳಿದಾಗ ಕಾಲು ತುರಿಸುವುದೂ ಈ ಹುಳುವಿನಿಂದಲೇ ಎಂದು ಹಿರಿಯ ರೈತರೊಬ್ಬರು ಕೇಳಿದರು. ಎಷ್ಟೋ ವೇಳೆ ಹೌದು. ನಮ್ಮ ಇಲ್ಲಿಯ ದನಗಳ ಶಿಸ್ಟೊಸೋಮದ ಸರ್ಕೇರಿಯಗಳು ಮನುಷ್ಯನ ಚರ್ಮವನ್ನೂ ಕೊರೆಯುತ್ತವೆ, ಆದರೆ ಅಲ್ಲಿಯೇ ಸಾಯುತ್ತವೆ. ಅದರ ಅಲರ್ಜಿಯೇ ತುರಿಕೆ ಮತ್ತು ಗುಳ್ಳೆ. ರೋಗ ಒಳಗೆ ಬೆಳೆಯುವುದಿಲ್ಲ.

ಬಸವನಹುಳುಗಳನ್ನು ವಿಷ ಹಾಕಿ ಕೊಂದರೆ ಮುಗಿಯಿತಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ನಿಕ್ಲೊಸಮೈಡ್ ಎಂಬ ಔಷಧ ಅದಕ್ಕಾಗಿಯೇ ಇದೆ, ಆದರೆ ಅದು ಮೀನನ್ನೂ ಕೊಲ್ಲುತ್ತದೆ. ಅಲ್ಲದೆ ಇಂಡೊಪ್ಲಾನಾರ್ಬಿಸ್ ದ್ವಿಲಿಂಗಿ. ಒಂದೇ ಒಂದು ಉಳಿದರೂ ತನ್ನಿಂದ ತಾನೇ ಸಂತಾನ ಪಡೆದು ಕೆರೆಯನ್ನು ಮತ್ತೆ ತುಂಬಬಲ್ಲದು. ಕಾಲುವೆಯ ಹುಲ್ಲು ಪಾಚಿ ತೆಗೆಯುವುದು, ಬಸಿನೀರು ನಿಲ್ಲದಂತೆ ನೋಡಿಕೊಳ್ಳುವುದು, ದನಗಳಿಗೆ ತೊಟ್ಟಿಯಲ್ಲಿ ನೀರು ಕುಡಿಸುವುದು ಹೆಚ್ಚು ಬಾಳುವ ಕೆಲಸಗಳು.

ಮೂರನೆಯದು ಒಬ್ಬ ವಿದ್ಯಾರ್ಥಿನಿಯದು: ಇಲ್ಲಿಯೇ ಈ ಅಧ್ಯಯನ ಆರಂಭಿಸುವುದಾದರೆ ಎಲ್ಲಿಂದ? ಬಸವನಹುಳುವಿನಿಂದ ಎಂದು ಉತ್ತರಿಸಿದೆ. ಒಂದೊಂದನ್ನು ಒಂದೊಂದು ಗಾಜಿನ ಲೋಟದ ಶುದ್ಧ ನೀರಿನಲ್ಲಿ ಬೆಳಕಿಗೆ ಇಟ್ಟರೆ, ಸೋಂಕಿದ್ದವುಗಳಿಂದ ಸರ್ಕೇರಿಯಗಳು ಹೊರಬರುತ್ತವೆ. ಹೊರಬರುವ ಹೊತ್ತನ್ನೂ ಬರೆದಿಡಬೇಕು, ಏಕೆಂದರೆ ಆಫ್ರಿಕದಲ್ಲಿ ದನದ ಬೋವಿಸ್ ಮುಂಜಾನೆ ಹೊರಬರುತ್ತದೆ, ಮನುಷ್ಯನ ಹೀಮಟೋಬಿಯಮ್ ನಡುಹಗಲಿನಲ್ಲಿ. ಒಂದೇ ಮರಿ ಹೊಕ್ಕ ಬಸವನಹುಳುವಿನಿಂದ ಬಂದವೆಲ್ಲ ತದ್ರೂಪಿಗಳಾದ್ದರಿಂದ ಕೆಲವನ್ನು ಆಲ್ಕೊಹಾಲಿನಲ್ಲಿ ಕೂಡಿಟ್ಟರೆ ಸಾಕು. ಬಸವನಹುಳುವಿನ ಮೈಯ ಒಂದು ತುಣುಕನ್ನೂ ಅದರ ಜೊತೆ, ಅದೇ ಸಂಖ್ಯೆ ಬರೆದು, ಬೇರೆ ಕೊಳವೆಯಲ್ಲಿ ಇಡಬೇಕು. ಹುಳುವಿನಲ್ಲಿ ತಾಯಿಯ ಕಡೆಯ ಜೀನು, ಕೋಶಕೇಂದ್ರದ ಹಲವು ಜೀನುಗಳು, ಬಸವನಹುಳುವಿನ ವಂಶ, ಈ ಮೂರನ್ನೂ ಒಟ್ಟಿಗೆ ಓದಬೇಕು. ಹುಳುವನ್ನು ಮಾತ್ರ ಇಟ್ಟು ಬಸವನಹುಳುವನ್ನು ಎಸೆದ ಸಂಗ್ರಹಗಳು ಅನೇಕ ಕಡೆ ಇವೆ. ಅವುಗಳಿಂದ ಆ ಹುಳು ಯಾರ ಒಪ್ಪಿಗೆಯಿಂದ ಅಲ್ಲಿತ್ತು ಎಂಬುದನ್ನು ಈಗ ತಿಳಿಯಲು ಬರುವುದಿಲ್ಲ.